ಹೋಮ್ ಲೋನ್ ಬೇರೆ ಬ್ಯಾಂಕಿಗೆ ಬದಲಾಯಿಸಬೇಕಾ? ಮುಂಬಯಿ-ಪುಣೆಯ ನಮ್ಮವರಿಗೆ ಒಂದು ಲೆಕ್ಕ

"ನಿಮ್ಮ ಹೋಮ್ ಲೋನ್ ನಮ್ಮ ಕಡೆ ತನ್ನಿ ಸರ್, ತಿಂಗಳಿಗೆ ಏಳು ಸಾವಿರ ಉಳಿಯುತ್ತದೆ." ಡೊಂಬಿವಲಿ, ಠಾಣೆ, ವಾಶಿ, ಪಿಂಪ್ರಿ ಕಡೆ ಫ್ಲ್ಯಾಟ್ ತಗೊಂಡ ನಮ್ಮವರಿಗೆ ಇಂಥ ಫೋನ್ ಬರುತ್ತಲೇ ಇರುತ್ತದೆ. ಏಳು ಸಾವಿರ ಅಂದರೆ ಸಣ್ಣ ಮೊತ್ತ ಅಲ್ಲ. ಆದರೆ ಅದು ಎಲ್ಲಿಂದ ಬಂತು ಅಂತ ಕೇಳದೆ ಸಹಿ ಹಾಕಿದರೆ, ಉಳಿಯುವುದು ಹಾಗಿರಲಿ, ಕೊನೆಗೆ ಏಳು ಲಕ್ಷದ ಹತ್ತಿರ ಜಾಸ್ತಿ ಕಟ್ಟುವ ಹಾಗಾಗಬಹುದು. ಲೆಕ್ಕ ಮುಂದೆ ತೋರಿಸುತ್ತೇನೆ.

ಹಾಗಂತ ಸಾಲ ಬದಲಾಯಿಸುವುದೇ ತಪ್ಪು ಅಂತ ಅಲ್ಲ. ಸರಿಯಾದ ಸಮಯಕ್ಕೆ ಮಾಡಿದರೆ ನಿಜವಾಗಿಯೂ ಲಕ್ಷಗಟ್ಟಲೆ ಉಳಿಯುತ್ತದೆ. ಬ್ಯಾಂಕಿನವರು ಇದನ್ನು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತಾರೆ. ಹೊಸ ಬ್ಯಾಂಕ್ ನಿಮ್ಮ ಹಳೆ ಸಾಲವನ್ನು ಪೂರ್ತಿ ತೀರಿಸುತ್ತದೆ, ಮನೆಯ ಕಾಗದ ತನ್ನ ಬಳಿ ಇಟ್ಟುಕೊಳ್ಳುತ್ತದೆ, ನೀವು ಅಲ್ಲಿಂದ ಮುಂದೆ ಅದಕ್ಕೆ ಕಂತು ಕಟ್ಟುತ್ತೀರಿ. ಅಷ್ಟೇ.

ಮೊದಲು ನಿಮ್ಮ ಸಾಲ ಯಾವ ಜಾತಿಯದು ನೋಡಿ

ಬಹಳ ಜನಕ್ಕೆ ತಮ್ಮ ಕಂತು ಎಷ್ಟು ಅಂತ ಗೊತ್ತಿರುತ್ತದೆ, ಬಡ್ಡಿ ಎಷ್ಟು ಅಂತ ಗೊತ್ತಿರುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರೊಬ್ಬರು ತಮ್ಮ ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ಹಿಡಿದುಕೊಂಡು ಬಂದಿದ್ದರು. "ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿತು ಅಂತ ಪೇಪರಲ್ಲಿ ಬರುತ್ತದೆ, ನನಗೆ ಯಾಕೆ ಇಳಿದಿಲ್ಲ, ಸ್ವಲ್ಪ ನೋಡಿ ಮಾರಾಯ್ರೆ" ಅಂದರು. ಎರಡನೇ ಪುಟದಲ್ಲಿ ಒಂದು ಸಣ್ಣ ಕೋಷ್ಟಕ. ಅದರಲ್ಲಿ ಬಡ್ಡಿ ದರದ ಮುಂದೆ "ಪ್ರೈಮ್ ಲೆಂಡಿಂಗ್ ರೇಟ್ ಮೈನಸ್ ಸ್ಪ್ರೆಡ್" ಅಂತ ಬರೆದಿತ್ತು, ಅಂದರೆ ಕಂಪನಿ ತಾನೇ ಗೊತ್ತುಮಾಡುವ ದರದಿಂದ ಒಂದಿಷ್ಟು ಕಳೆದದ್ದು. ರೆಪೋ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಅದರ ಹೆಸರೇ ಇರಲಿಲ್ಲ. ಉತ್ತರ ಅಲ್ಲೇ ಇತ್ತು: ಅವರದು ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲ. ರೆಪೋ ಇಳಿದಷ್ಟೇ ಇಳಿಸಬೇಕು ಅನ್ನುವ ಕಟ್ಟುಪಾಡು ಅದಕ್ಕಿಲ್ಲ.

ನೀವೂ ಆ ಸಾಲು ಹುಡುಕಿ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕ್‌ಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆ ಸಾಲವೆಲ್ಲ ರೆಪೋದಂಥ ಹೊರಗಿನ ದರಕ್ಕೆ ಜೋಡಿಸಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಹೊಂದಿಸಬೇಕು. ಅದಕ್ಕಿಂತ ಹಳೆಯ ಸಾಲ ಆದರೆ ಎಂಸಿಎಲ್‌ಆರ್ ಇರಬಹುದು. 2016ರ ಏಪ್ರಿಲ್‌ಗಿಂತ ಹಿಂದಿನದಾದರೆ ಬೇಸ್ ರೇಟ್ ಇರಬಹುದು. ಈ ಎರಡೂ ಬ್ಯಾಂಕ್ ತನ್ನ ಖರ್ಚು ನೋಡಿ ತಾನೇ ಗೊತ್ತುಮಾಡುವ ದರ, ಹಾಗಾಗಿ ರೆಪೋ ಇಳಿಕೆ ನಿಮ್ಮ ತನಕ ಬರುವುದು ನಿಧಾನ, ಬಂದರೂ ಪೂರ್ತಿ ಬರುವುದು ಕಡಿಮೆ.

ಸುಲಭದ ಪರೀಕ್ಷೆ ಒಂದಿದೆ. 2025ರ ಫೆಬ್ರವರಿ ಶುರುವಿನಲ್ಲಿ ರೆಪೋ ಶೇ. 6.50 ಇತ್ತು. ಅದೇ ವರ್ಷ ನಾಲ್ಕು ಸಲ ಇಳಿದು ಡಿಸೆಂಬರ್ ಹೊತ್ತಿಗೆ ಶೇ. 5.25ಕ್ಕೆ ಬಂತು. ಅಂದರೆ ಒಟ್ಟು 1.25 ಇಳಿಕೆ. ನಿಮ್ಮ 2025ರ ಜನವರಿಯ ಸ್ಟೇಟ್‌ಮೆಂಟ್ ಮತ್ತು ಈಗಿನದು ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಬಡ್ಡಿ ಸುಮಾರು ಅಷ್ಟೇ ಇಳಿದಿದ್ದರೆ ನಿಮ್ಮ ಸಾಲ ಆರೋಗ್ಯವಾಗಿದೆ. ಕಾಲು ಅಥವಾ ಅರ್ಧ ಪರ್ಸೆಂಟ್ ಮಾತ್ರ ಇಳಿದಿದ್ದರೆ ಈ ಲೇಖನ ನಿಮಗೇ.

ಒಂದು ಎಚ್ಚರ. ಬಡ್ಡಿ ಇಳಿದರೂ ಕಂತು ಹಾಗೇ ಇರಬಹುದು, ಯಾಕೆಂದರೆ ಬ್ಯಾಂಕ್ ಕಂತನ್ನು ಮುಟ್ಟದೆ ಅವಧಿಯನ್ನು ಕಡಿಮೆ ಮಾಡಿರುತ್ತದೆ. ಹಾಗೆಯೇ 2022-23ರಲ್ಲಿ ರೆಪೋ ಶೇ. 4ರಿಂದ 6.50ಕ್ಕೆ ಏರಿದಾಗ ಎಷ್ಟೋ ಜನರ ಕಂತು ಏರಲಿಲ್ಲ, ಅವಧಿ ಸದ್ದಿಲ್ಲದೆ ಉದ್ದವಾಯಿತು. ಹಾಗಾಗಿ ಕಂತು ನೋಡಿ ತೀರ್ಮಾನ ಮಾಡಬೇಡಿ. ಸ್ಟೇಟ್‌ಮೆಂಟ್‌ನಲ್ಲಿ ಮೂರು ಅಂಕಿ ಬರೆದುಕೊಳ್ಳಿ: ಉಳಿದ ಅಸಲು, ಈಗಿನ ಬಡ್ಡಿ, ಉಳಿದ ತಿಂಗಳು.

ಈಗ ಲೆಕ್ಕ

ಉಳಿದ ಅಸಲು ₹40 ಲಕ್ಷ, ಇನ್ನೂ 15 ವರ್ಷ ಬಾಕಿ, ಬಡ್ಡಿ ಶೇ. 8.75 ಅಂತ ಇಟ್ಟುಕೊಳ್ಳಿ. ಕಂತು ₹39,978. ಇದರಲ್ಲಿ ಈ ತಿಂಗಳು ಬಡ್ಡಿಗೇ ಹೋಗುವುದು ₹29,167. ಅಸಲು ಕರಗುವುದು ಬರೀ ₹10,811. ಬಡ್ಡಿಯ ಪಾಲು ಇಷ್ಟು ದೊಡ್ಡದಿರುವಾಗ ದರ ಇಳಿದರೆ ಪರಿಣಾಮವೂ ದೊಡ್ಡದು.

ಹೊಸ ಬ್ಯಾಂಕ್ ಶೇ. 7.75ಕ್ಕೆ ಕೊಡುತ್ತೇನೆ ಅಂತು. ಅದೇ 15 ವರ್ಷಕ್ಕೆ ಕಂತು ₹37,651. ತಿಂಗಳಿಗೆ ಉಳಿಯುವುದು ₹2,327. ಪೂರ್ತಿ ಅವಧಿಗೆ ಸುಮಾರು ₹4.19 ಲಕ್ಷ. ಒಳ್ಳೆಯದೇ. ಆದರೆ ಫೋನಿನಲ್ಲಿ ಏಳು ಸಾವಿರ ಅಂದಿದ್ದರಲ್ಲ, ಉಳಿದದ್ದು ಎಲ್ಲಿ ಹೋಯಿತು?

ಅದು ಬರುವುದು ಅವಧಿಯಿಂದ. ಅವರು ನಿಮ್ಮ ಸಾಲವನ್ನು ಹೊಸದಾಗಿ 20 ವರ್ಷಕ್ಕೆ ಹಾಕಿರುತ್ತಾರೆ. ಆಗ ಶೇ. 7.75ಕ್ಕೆ ಕಂತು ₹32,838 ಆಗುತ್ತದೆ. ತಿಂಗಳಿಗೆ ₹7,140 ಕಡಿಮೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಒಟ್ಟು ಕಟ್ಟುವುದನ್ನು ಕೂಡಿಸಿ ನೋಡಿ. ಹಳೆ ಸಾಲದಲ್ಲೇ ಇದ್ದಿದ್ದರೆ 180 ಕಂತಿಗೆ ₹71.96 ಲಕ್ಷ. ಹೊಸದರಲ್ಲಿ 240 ಕಂತಿಗೆ ₹78.81 ಲಕ್ಷ. ಬಡ್ಡಿ ದರ ಒಂದು ಪರ್ಸೆಂಟ್ ಇಳಿದರೂ ನೀವು ₹6.85 ಲಕ್ಷ ಜಾಸ್ತಿ ಕಟ್ಟುತ್ತೀರಿ, ಅದೂ ಐದು ವರ್ಷ ಹೆಚ್ಚುವರಿ, ಬಹುಶಃ ರಿಟೈರ್ ಆದ ಮೇಲೂ.

ಇದಕ್ಕೆ ಉಲ್ಟಾ ಮಾಡಿದರೆ ಏನಾಗುತ್ತದೆ ನೋಡಿ. ಬಡ್ಡಿ ಶೇ. 7.75ಕ್ಕೆ ಇಳಿಸಿಕೊಳ್ಳಿ, ಕಂತು ಮಾತ್ರ ಹಳೆಯ ₹39,978ನ್ನೇ ಕಟ್ಟುತ್ತಾ ಹೋಗಿ. ಹೇಗೂ ಅಭ್ಯಾಸ ಆಗಿರುವ ಕಂತು, ಅಲ್ವಾ? ಸಾಲ ಸುಮಾರು ಒಂದೂವರೆ ವರ್ಷ ಮೊದಲೇ ಮುಗಿಯುತ್ತದೆ, ಉಳಿತಾಯ ₹7.4 ಲಕ್ಷದ ಹತ್ತಿರ ಹೋಗುತ್ತದೆ. ಕೈಯಲ್ಲಿ ತಾಪತ್ರಯ ಇಲ್ಲದವರು ಇದನ್ನೇ ಮಾಡಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ನಿಜವಾಗಿಯೂ ತಿಂಗಳ ಖರ್ಚಿಗೆ ಕಷ್ಟ ಇದ್ದು ಕಂತು ಇಳಿಸಲೇಬೇಕು ಅನ್ನುವವರ ವಿಷಯ ಬೇರೆ. ಅವರು ಅವಧಿ ಉದ್ದ ಮಾಡಲಿ, ಆದರೆ ಅದರ ಬೆಲೆ ಎಷ್ಟು ಅಂತ ಗೊತ್ತಿಟ್ಟುಕೊಂಡೇ ಮಾಡಲಿ.

ಸಾಲ ಕೊನೆಗೆ ಬಂದಿದ್ದರೆ ಈ ಗೋಜಿಗೇ ಹೋಗಬೇಡಿ. ಉಳಿದ ಅಸಲು ₹8 ಲಕ್ಷ, ನಾಲ್ಕು ವರ್ಷ ಬಾಕಿ ಇದ್ದರೆ, ಅದೇ ಒಂದು ಪರ್ಸೆಂಟ್ ಇಳಿಕೆಯಿಂದ ತಿಂಗಳಿಗೆ ಉಳಿಯುವುದು ₹376. ನಾಲ್ಕು ವರ್ಷಕ್ಕೆ ₹18,000. ಅಷ್ಟು ದುಡ್ಡು ಬದಲಾಯಿಸುವ ಖರ್ಚಿಗೇ ಹೋಗುತ್ತದೆ. ಸುಮ್ನೆ ಓಡಾಟ.

ಖರ್ಚು ಎಲ್ಲೆಲ್ಲಿ

ಹಳೆ ಬ್ಯಾಂಕ್ ಬಿಡುವುದಕ್ಕೆ ದಂಡ ಕಟ್ಟಬೇಕಾ ಅನ್ನುವುದು ಎಲ್ಲರ ಭಯ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲ ವ್ಯಕ್ತಿಯ ಹೆಸರಲ್ಲಿದ್ದರೆ ಬ್ಯಾಂಕ್‌ಗಳು ಮುಂಗಡವಾಗಿ ತೀರಿಸಿದ್ದಕ್ಕೆ ಶುಲ್ಕ ಹಾಕುವ ಹಾಗಿಲ್ಲ. ಇದು 2012ರಿಂದ ಇರುವ ನಿಯಮ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇಂಥದೇ ನಿಯಮ ಇದೆ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಸಹಕಾರಿ ಬ್ಯಾಂಕ್‌ಗಳನ್ನೂ ಸೇರಿಸಿ ಎಲ್ಲರಿಗೂ ಇದು ಅನ್ವಯ. ಫಿಕ್ಸೆಡ್ ಬಡ್ಡಿಯ ಸಾಲ ಆದರೆ ಮಾತ್ರ ಶುಲ್ಕ ಬೀಳಬಹುದು, ಕೇಳಿಕೊಳ್ಳಿ.

ಹೊಸ ಬ್ಯಾಂಕಿನ ಕಡೆ ಖರ್ಚು ಇದ್ದೇ ಇದೆ. ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ. 18 ಜಿಎಸ್‌ಟಿ, ವಕೀಲರ ವರದಿಗೆ, ಮನೆಯ ಮೌಲ್ಯಮಾಪನಕ್ಕೆ ಒಂದಿಷ್ಟು. ಹಬ್ಬದ ಸೀಸನ್‌ನಲ್ಲಿ ಪ್ರೊಸೆಸಿಂಗ್ ಫೀ ಬಿಡುವವರಿದ್ದಾರೆ, ಆದರೆ ಉಳಿದದ್ದನ್ನು ಬಿಡುವುದಿಲ್ಲ.

ಮಹಾರಾಷ್ಟ್ರದಲ್ಲಿ ಎಲ್ಲರೂ ಮರೆಯುವ ಖರ್ಚು ಬೇರೆ ಇದೆ. ಮನೆಯ ಮೂಲ ಕಾಗದಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟಾಗ ಸಾಲದ ಮೊತ್ತದ ಮೇಲೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ಮತ್ತು 30 ದಿನದೊಳಗೆ ನೋಟಿಸ್ ಆಫ್ ಇಂಟಿಮೇಷನ್ ಅನ್ನುವ, ಒತ್ತೆಯ ವಿಷಯ ತಿಳಿಸುವ ಪತ್ರವನ್ನು ನೋಂದಣಿ ಇಲಾಖೆಗೆ ಫೈಲ್ ಮಾಡಬೇಕು. ನೀವು ಮನೆ ತಗೊಂಡಾಗ ಇದನ್ನು ಒಮ್ಮೆ ಕಟ್ಟಿರುತ್ತೀರಿ. ಬ್ಯಾಂಕ್ ಬದಲಾದರೆ ಒತ್ತೆಯೂ ಹೊಸದು, ಹಾಗಾಗಿ ಮತ್ತೆ ಕಟ್ಟಬೇಕು. ಲಕ್ಷಕ್ಕೆ ಕೆಲವು ನೂರು ರೂಪಾಯಿ ಲೆಕ್ಕ. ₹40 ಲಕ್ಷಕ್ಕೆ ಹತ್ತು ಸಾವಿರದ ಆಸುಪಾಸು ಆಗುತ್ತದೆ. ಫೋನ್ ಮಾಡುವ ಏಜೆಂಟರು ಇದರ ಸುದ್ದಿ ಎತ್ತುವುದಿಲ್ಲ. ಗೋವಾದಲ್ಲಿರುವವರಿಗೆ ಈ ಶುಲ್ಕದ ಲೆಕ್ಕ ಬೇರೆ, ಅಲ್ಲಿನ ಶಾಖೆಯಲ್ಲೇ ಕೇಳಿ.

ಎಲ್ಲ ಸೇರಿ ₹32,000 ಆಯಿತು ಅಂತ ಇಟ್ಟುಕೊಂಡರೆ, ತಿಂಗಳಿಗೆ ₹2,327 ಉಳಿಯುವುದರಿಂದ 14 ತಿಂಗಳಲ್ಲಿ ಆ ಖರ್ಚು ವಾಪಸ್ ಬರುತ್ತದೆ. ಆಮೇಲೆ ಉಳಿದದ್ದೆಲ್ಲ ನಿಮ್ಮದು. ಆ 14 ತಿಂಗಳೊಳಗೆ ಮನೆ ಮಾರುವ ಯೋಚನೆ ಇದ್ದರೆ ಬೇಡ.

ಹೊಸ ಬ್ಯಾಂಕಿಗೆ ಹೋಗುವ ಮೊದಲು ಹಳೆ ಬ್ಯಾಂಕಿಗೆ ಹೋಗಿ

ಬಹಳ ಜನ ಮಾಡದೆ ಬಿಡುವ ಕೆಲಸ ಇದು. ಬ್ಯಾಂಕ್‌ಗಳು ಹೊಸ ಗ್ರಾಹಕರಿಗೆ ಕಡಿಮೆ ಸ್ಪ್ರೆಡ್ (ರೆಪೋ ಮೇಲೆ ಬ್ಯಾಂಕ್ ಸೇರಿಸುವ ಪಾಲು) ಕೊಡುತ್ತವೆ, ಹಳಬರನ್ನು ಹಳೆ ಸ್ಪ್ರೆಡ್‌ನಲ್ಲೇ ಬಿಡುತ್ತವೆ. ಕೇಳಿದವರಿಗೆ ಮಾತ್ರ ಇಳಿಸುತ್ತವೆ. 2025ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇನ್ನೊಂದು ಸಡಿಲಿಕೆ ಕೊಟ್ಟಿದೆ: ಗ್ರಾಹಕರನ್ನು ಉಳಿಸಿಕೊಳ್ಳಲು ಬ್ಯಾಂಕ್ ಮೂರು ವರ್ಷ ಕಾಯದೆಯೇ ಸ್ಪ್ರೆಡ್‌ನ ಕೆಲವು ಭಾಗ ಇಳಿಸಬಹುದು. ಹಾಗಾಗಿ ಕೌಂಟರಿನಲ್ಲಿ "ನಿಯಮದಲ್ಲಿ ಇಲ್ಲ" ಅಂದರೆ ಒಪ್ಪಿಕೊಂಡು ಬರಬೇಡಿ.

ಬಾಯಿಮಾತಲ್ಲಿ ಕೇಳಬೇಡಿ, ಇಮೇಲ್ ಹಾಕಿ. ಇಷ್ಟು ಬರೆದರೆ ಸಾಕು: "ನನ್ನ ಸಾಲದ ಬಡ್ಡಿ ಈಗ ಶೇ. 8.75 ಇದೆ. ನನ್ನ ಸಿಬಿಲ್ ಸ್ಕೋರ್ ಇಷ್ಟಿದೆ, ಒಂದು ಕಂತೂ ತಪ್ಪಿಲ್ಲ. ಹೊಸ ಗ್ರಾಹಕರಿಗೆ ನೀವು ಕೊಡುತ್ತಿರುವ ದರಕ್ಕೆ ನನ್ನ ಸಾಲವನ್ನು ತರಬಹುದೇ, ಅದಕ್ಕೆ ಕನ್ವರ್ಷನ್ ಫೀ ಎಷ್ಟು ಅಂತ ಲಿಖಿತವಾಗಿ ತಿಳಿಸಿ. ಇಲ್ಲವಾದರೆ ನನ್ನ ಫೋರ್‌ಕ್ಲೋಷರ್ ಲೆಟರ್ ಕೊಡಿ." ಕೊನೆಯ ವಾಕ್ಯ ಮರೆಯಬೇಡಿ. ಫೋರ್‌ಕ್ಲೋಷರ್ ಲೆಟರ್ (ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅಂತ ತಿಳಿಸುವ ಪತ್ರ) ಕೇಳಿದ ಮೇಲೆಯೇ ಎಷ್ಟೋ ಸಲ ಬ್ಯಾಂಕಿನಿಂದ ವಾಪಸ್ ಫೋನ್ ಬರುವುದು.

ಈಗ ನಿಜವಾದ ಹೋಲಿಕೆ ಮಾಡಿ. ನಿಮ್ಮ ಬ್ಯಾಂಕ್ ₹5,900 ಫೀ ತಗೊಂಡು ಶೇ. 8.10ಕ್ಕೆ ಇಳಿಸಿತು ಅಂತ ಇಟ್ಟುಕೊಳ್ಳಿ. ಕಂತು ₹38,457. ಹೊಸ ಬ್ಯಾಂಕಿನ ಶೇ. 7.75ಕ್ಕೂ ಇದಕ್ಕೂ ವ್ಯತ್ಯಾಸ ತಿಂಗಳಿಗೆ ₹806 ಮಾತ್ರ. ಅಲ್ಲಿಗೆ ಹೋಗಲು ಹೆಚ್ಚುವರಿ ಖರ್ಚು ₹26,100. ಅದು ವಾಪಸ್ ಬರಲು 32-33 ತಿಂಗಳು ಬೇಕು. ಮೊದಲು 14 ತಿಂಗಳು ಅನ್ನಿಸಿದ್ದು ಈಗ ಎರಡೂ ಮುಕ್ಕಾಲು ವರ್ಷದ ಹತ್ತಿರ ಬಂತು. ಇನ್ನೂ 15 ವರ್ಷ ಇರುವವರಿಗೆ ಆಗಲೂ ಲಾಭವೇ, ಆದರೆ ಕಾಗದಪತ್ರದ ತೊಂದರೆ ಇರುವವರು ಇದ್ದಲ್ಲೇ ಇರುವುದು ಒಳ್ಳೆಯದು. ನಿಮ್ಮ ಹಳೆ ದರವನ್ನು ಹೊಸ ಬ್ಯಾಂಕಿನ ದರದ ಜೊತೆ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಹಳೆ ಬ್ಯಾಂಕ್ ಎಷ್ಟಕ್ಕೆ ಇಳಿಯಲು ತಯಾರಿದೆ ಅನ್ನುವುದರ ಜೊತೆ ಹೋಲಿಸಬೇಕು.

ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಇನ್ನೊಂದು ದಾರಿಯೂ ಇದೆ. ಇದೇ ₹40 ಲಕ್ಷದ ಸಾಲಕ್ಕೆ, ಬ್ಯಾಂಕ್ ಬದಲಾಯಿಸದೆ, ಶೇ. 8.75ರಲ್ಲೇ ಒಮ್ಮೆ ₹2 ಲಕ್ಷ ಅಸಲಿಗೆ ಕಟ್ಟಿ ಕಂತು ಹಾಗೇ ಇಟ್ಟರೆ, ಸಾಲ 17 ತಿಂಗಳು ಮೊದಲೇ ಮುಗಿಯುತ್ತದೆ. ಉಳಿಯುವ ಬಡ್ಡಿ ₹5 ಲಕ್ಷದ ಹತ್ತಿರ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು.

ಕಾಗದ ಸರಿ ಇದೆಯಾ?

ಲೆಕ್ಕ ಎಲ್ಲ ಸರಿ ಬಂದರೂ ಮುಂಬಯಿಯಲ್ಲಿ ಕೆಲಸ ನಿಲ್ಲುವುದು ಇಲ್ಲಿ. ಅರ್ಜಿ ಹಾಕುವಾಗಿನ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಆದ್ದರಿಂದ ದುಡ್ಡು ಕಟ್ಟುವ ಮೊದಲೇ ಇದನ್ನು ನೋಡಿಕೊಳ್ಳಿ.

ಕಟ್ಟಡಕ್ಕೆ ಓಸಿ, ಅಂದರೆ ವಾಸ ಮಾಡಬಹುದು ಅಂತ ಸ್ಥಳೀಯ ಆಡಳಿತ ಕೊಡುವ ಆಕ್ಯುಪೇಷನ್ ಸರ್ಟಿಫಿಕೇಟ್ ಇದೆಯಾ? ಹತ್ತಾರು ವರ್ಷದಿಂದ ಜನ ವಾಸ ಮಾಡುತ್ತಿದ್ದರೂ ಓಸಿ ಇಲ್ಲದ ಕಟ್ಟಡಗಳು ಈ ಊರಲ್ಲಿ ಬೇಕಾದಷ್ಟಿವೆ. ನಿಮ್ಮ ಹಳೆ ಬ್ಯಾಂಕ್ ಆಗ ಒಪ್ಪಿತ್ತು ಅನ್ನುವ ಕಾರಣಕ್ಕೆ ಹೊಸ ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಪುಣೆಯ ಹೊರವಲಯದಲ್ಲಿ ಗ್ರಾಮ ಪಂಚಾಯಿತಿ ಅನುಮತಿ ಮೇಲೆ ಕಟ್ಟಿದ ಮನೆಗಳಿಗೂ ಇದೇ ತೊಂದರೆ.

ರೀಸೇಲ್ ಫ್ಲ್ಯಾಟ್ ಆದರೆ ಬಿಲ್ಡರ್‌ನಿಂದ ಮೊದಲ ಮಾಲೀಕರು, ಅವರಿಂದ ಮುಂದಿನವರು, ಹೀಗೆ ನಿಮ್ಮ ತನಕ ಬಂದ ಎಲ್ಲ ಅಗ್ರಿಮೆಂಟ್‌ಗಳ ಸರಪಳಿ ಬೇಕು. ಒಂದು ಕೊಂಡಿ ತಪ್ಪಿದರೂ ಪ್ರಶ್ನೆ ಏಳುತ್ತದೆ. ಜೊತೆಗೆ ಇಂಡೆಕ್ಸ್ ಟು (ನೋಂದಣಿ ಕಚೇರಿ ಕೊಡುವ ದಾಖಲೆಯ ಸಾರ), ಸೊಸೈಟಿಯ ಶೇರ್ ಸರ್ಟಿಫಿಕೇಟ್, ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನುವ ಪತ್ರ, ಸೊಸೈಟಿಯ ಎನ್‌ಒಸಿ. ಶೇರ್ ಸರ್ಟಿಫಿಕೇಟ್‌ನ ಹಿಂಬದಿ ತಿರುಗಿಸಿ ನೋಡಿ, ವರ್ಗಾವಣೆಯ ಕೊನೆಯ ಸಾಲಿನಲ್ಲಿ ನಿಮ್ಮ ಹೆಸರು ಬಂದಿದೆಯಾ, ಸೆಕ್ರೆಟರಿ ಮತ್ತು ಚೇರ್ಮನ್ ಸಹಿ ಇದೆಯಾ ಅಂತ. ಮನೆ ತಗೊಂಡು ವರ್ಷಗಳಾದರೂ ಎಷ್ಟೋ ಮನೆಗಳಲ್ಲಿ ಆ ಸಾಲು ಖಾಲಿಯೇ ಇರುತ್ತದೆ. ಸರ್ಟಿಫಿಕೇಟ್ ಹಳೆ ಬ್ಯಾಂಕಿನ ಬಳಿ ಇದ್ದರೆ ಜೆರಾಕ್ಸ್ ತೆಗೆಸಿ ನೋಡಿ.

ನಿಮ್ಮ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗುವ ಮಾತು ನಡೆದಿದ್ದರೆ ಬ್ಯಾಂಕ್ ಬದಲಾಯಿಸಲು ಇದು ಹೊತ್ತಲ್ಲ. ಜನರಲ್ ಬಾಡಿಯಲ್ಲಿ ಠರಾವು ಆದ ಮೇಲೆ ಹೊಸ ಬ್ಯಾಂಕ್‌ಗಳು ಹಿಂದೆ ಸರಿಯುತ್ತವೆ. ಆಗ ಹಳೆ ಬ್ಯಾಂಕಿನ ಜೊತೆ ದರದ ಚೌಕಾಸಿ ಮಾಡುವುದೊಂದೇ ದಾರಿ.

ಊರಲ್ಲಿ ಕಟ್ಟಿದ ಮನೆಯ ಸಾಲ ಇಲ್ಲಿನ ಶಾಖೆಯಲ್ಲಿದ್ದರೆ, ಹೊಸ ಬ್ಯಾಂಕಿಗೆ ಆ ಊರಿನಲ್ಲಿ ವಕೀಲರು, ಮೌಲ್ಯಮಾಪಕರು ಇದ್ದಾರಾ ಅಂತ ಮೊದಲೇ ಕೇಳಿ.

ಇನ್ನು ಹೋಟೆಲ್, ಕೇಟರಿಂಗ್, ಅಂಗಡಿ ನಡೆಸುವವರಿಗೆ ಒಂದು ಮಾತು. ಹೊಸ ಬ್ಯಾಂಕ್ ನಿಮ್ಮ ಅರ್ಹತೆಯನ್ನು ಮೊದಲಿಂದ ನೋಡುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತದೆ. ರಿಟರ್ನ್‌ನಲ್ಲಿ ಆದಾಯ ಕಡಿಮೆ ತೋರಿಸಿದ್ದರೆ, ಗಲ್ಲಾಪೆಟ್ಟಿಗೆಯಲ್ಲಿ ಎಷ್ಟೇ ಬರಲಿ, ಉಪಯೋಗಕ್ಕೆ ಬರುವುದಿಲ್ಲ. ನೌಕರಿಯವರಿಗೂ ವಯಸ್ಸು ಜಾಸ್ತಿ ಆದಂತೆ ಅವಧಿ ಕಡಿಮೆ ಸಿಗುತ್ತದೆ.

ಸಿಬಿಲ್ ಸ್ಕೋರ್ 750ರ ಮೇಲಿದ್ದರೆ ಒಳ್ಳೆಯ ದರ ಕೇಳುವ ಧೈರ್ಯ ಬರುತ್ತದೆ. ಸಿಬಿಲ್ ಥರದ ಪ್ರತಿ ಕ್ರೆಡಿಟ್ ಬ್ಯೂರೋದಿಂದ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ, ಮೊದಲು ಅದನ್ನು ತರಿಸಿ. ಒಂದೇ ವಾರದಲ್ಲಿ ಆರು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ. ದರ ವಿಚಾರಿಸಿ, ಇಬ್ಬರನ್ನು ಆರಿಸಿ, ಆಮೇಲೆ ಅರ್ಜಿ ಹಾಕಿ.

ಸಹಿ ಹಾಕುವಾಗ

2024ರ ಅಕ್ಟೋಬರ್‌ನಿಂದ ಬ್ಯಾಂಕ್ ನಿಮಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ, ಅಂದರೆ ಫೀಗಳನ್ನೂ ಸೇರಿಸಿದ ವಾರ್ಷಿಕ ದರ. ಎರಡು ಬ್ಯಾಂಕ್ ಹೋಲಿಸುವಾಗ ಜಾಹೀರಾತಿನ ದರ ಬಿಡಿ, ಇದನ್ನು ನೋಡಿ. ಅವಧಿಯ ಕಾಲಂನಲ್ಲಿ ನೀವು ಹೇಳಿದಷ್ಟೇ ತಿಂಗಳು ಇದೆಯಾ, ಬಡ್ಡಿ ರೆಪೋಗೆ ಜೋಡಿಸಿದೆಯಾ, ಸ್ಪ್ರೆಡ್ ಎಷ್ಟು ಅಂತ ಬೆರಳಿಟ್ಟು ಓದಿ. ಮೊದಲ ಒಂದೆರಡು ವರ್ಷ ಮಾತ್ರ ಕಡಿಮೆ ದರ, ಆಮೇಲೆ ಬೇರೆ ಅನ್ನುವ ಷರತ್ತು ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಎರಡು ವಿಷಯಕ್ಕೆ ಬೇಡ ಅನ್ನಲು ಕಲಿಯಿರಿ. ಒಂದು, ಸಾಲದ ಜೊತೆ ಅಂಟಿಸುವ ವಿಮೆ. ಕುಟುಂಬಕ್ಕೆ ಟರ್ಮ್ ಇನ್ಶೂರೆನ್ಸ್ ಬೇಕೇ ಬೇಕು, ಆದರೆ ಬ್ಯಾಂಕ್ ತೋರಿಸಿದ ಪಾಲಿಸಿಯನ್ನೇ ತಗೋಬೇಕು ಅನ್ನುವ ನಿಯಮ ಇಲ್ಲ. ಅದರ ಪ್ರೀಮಿಯಂ ಸಾಲಕ್ಕೇ ಸೇರಿಸಿದರೆ ಅದಕ್ಕೂ 15 ವರ್ಷ ಬಡ್ಡಿ ಕಟ್ಟುತ್ತೀರಿ. ಇನ್ನೊಂದು, ಟಾಪ್-ಅಪ್. "ಜೊತೆಗೆ ಹತ್ತು ಲಕ್ಷ ಕೊಡುತ್ತೇವೆ" ಅಂತಾರೆ. ಪರ್ಸನಲ್ ಲೋನ್ ತೀರಿಸಲು ಆದರೆ ಯೋಚಿಸಬಹುದು, ಮದುವೆಗೋ ಕಾರಿಗೋ ಆದರೆ ಇರುವ ಮನೆಯ ಮೇಲೆ ಭಾರ ಹೇರಬೇಡಿ.

ಕೈ ಬದಲಾಗುವ ದಿನಗಳು

ಹೊಸ ಬ್ಯಾಂಕ್ ಹಳೆ ಬ್ಯಾಂಕಿನ ಹೆಸರಿಗೆ ಚೆಕ್ ಕೊಡುತ್ತದೆ. ಆ ದಿನದಿಂದಲೇ ಹೊಸ ಬಡ್ಡಿ ಶುರು. ಹಳೆ ಬ್ಯಾಂಕಿನ ಬಡ್ಡಿ ನಿಲ್ಲುವುದು ಚೆಕ್ ಜಮಾ ಆದ ಮೇಲೆ. ಆದ್ದರಿಂದ ಚೆಕ್ ಚೀಲದಲ್ಲಿಟ್ಟುಕೊಂಡು ಅಡ್ಡಾಡಬೇಡಿ, ಅದೇ ದಿನ ಜಮಾ ಮಾಡಿಸಿ ರಸೀದಿ ತಗೊಳ್ಳಿ. ಹಳೆ ಕಂತಿನ ಆಟೋ ಡೆಬಿಟ್ ರದ್ದು ಮಾಡಿಸಿ, ಇಲ್ಲವಾದರೆ ಆ ತಿಂಗಳು ಎರಡು ಕಂತು ಹೋಗುತ್ತದೆ.

ಹಳೆ ಬ್ಯಾಂಕ್ ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ಬಿಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ ₹5,000 ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ ಇದು, ಶಾಖೆಯಲ್ಲಿ ಆಮೇಲೆ ಬನ್ನಿ ಅಂದರೆ ನೆನಪಿಸಿ. ಕಾಗದ ಕೊಡುವಾಗ ಅವರ ಪಟ್ಟಿ ಹಿಡಿದು ಒಂದೊಂದೇ ತಾಳೆ ನೋಡಿ, ಪುಟ ಎಣಿಸಿ, ಆಮೇಲೆ ಸಹಿ ಹಾಕಿ. ನೋ ಡ್ಯೂಸ್ ಪತ್ರ ತಗೊಳ್ಳಿ. ಸೆರ್ಸಾಯ್ (ಒತ್ತೆ ಇಟ್ಟ ಆಸ್ತಿಗಳ ಕೇಂದ್ರ ನೋಂದಣಿ) ದಾಖಲೆಯಲ್ಲಿ ಹಳೆ ಬ್ಯಾಂಕಿನ ಹಕ್ಕು ತೆಗೆಸಿ. ಸೊಸೈಟಿ ಕಚೇರಿಯಲ್ಲೂ ಹಳೆ ಬ್ಯಾಂಕಿನ ಹೆಸರು ಹೋಗಿ ಹೊಸದು ಬರಬೇಕು. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತರಿಸಿ, ಹಳೆ ಸಾಲದ ಮುಂದೆ "ಕ್ಲೋಸ್ಡ್" ಅಂತ ಬಂದಿದೆಯಾ ನೋಡಿ.

ತೆರಿಗೆಯ ಹಳೆ ಪದ್ಧತಿಯಲ್ಲಿರುವವರಿಗೆ, ವಾಸದ ಮನೆಯ ಬಡ್ಡಿಯ ಮೇಲಿನ ₹2 ಲಕ್ಷದ ತನಕದ ವಿನಾಯಿತಿ ಬ್ಯಾಂಕ್ ಬದಲಾದರೂ ಮುಂದುವರಿಯುತ್ತದೆ. ಮನೆ ಸಾಲ ತೀರಿಸಲು ತಗೊಂಡ ಸಾಲದ ಬಡ್ಡಿಯೂ ಲೆಕ್ಕಕ್ಕೆ ಬರುತ್ತದೆ. ಬೇರೆ ಖರ್ಚಿಗೆ ತಗೊಂಡ ಟಾಪ್-ಅಪ್ ಬರುವುದಿಲ್ಲ. ಬ್ಯಾಂಕ್ ಬದಲಾಯಿಸಿದ ವರ್ಷ ಎರಡೂ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತಗೊಂಡು, ಎರಡನ್ನೂ ಕೂಡಿಸಿ ನಿಮ್ಮ ಆಡಿಟರ್‌ಗೆ ಕೊಡಿ. ಹಳೆ ಬ್ಯಾಂಕಿನದನ್ನು ಖಾತೆ ಮುಚ್ಚುವ ದಿನವೇ ಕೇಳಿ ತಗೊಳ್ಳಿ, ಆಮೇಲೆ ಅವರ ಆ್ಯಪ್‌ನಲ್ಲಿ ನಿಮ್ಮ ಸಾಲದ ಖಾತೆ ಕಾಣದೆಯೂ ಹೋಗಬಹುದು.